ಆರನೇ ಗೊಂಬೆ

ನಮ್ಮೂರಿನ ಬಸ್ಸು ಹತ್ತುವವರು ಟಿಕೆಟ್ಟಿಗೆ ಕೈಚಾಚುವ ಮೊದಲು ವರದಿ ಒಪ್ಪಿಸಬೇಕು. ಮೆಟ್ಟಿಲ ಮೇಲೆ ನಿಂತು ಹೆಸರು ಹೇಳಿ, ತಿಂಡಿ ಆಯಿತೋ ಇಲ್ಲವೋ, ಯಾರ ಜೊತೆ ಮಾತು ಬಿಟ್ಟಿದ್ದೇವೆ, ಮೈಯಲ್ಲಿ ಎಲ್ಲಿ ನೋವು, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂಬುದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಬರಬೇಕು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದಂತೆ. ನಮಗೆ ಚಪ್ಪಲಿ ಕಳಚಿಟ್ಟು ಮನೆಯೊಳಗೆ ಹೋದಷ್ಟೇ ಸಹಜ. ವರದಿ ಇಲ್ಲದೆ ಆಟ ಬಿಡಿಸಲು ಆಗುವುದಿಲ್ಲ, ಆಟ ಬಿಡಿಸದೆ ಬಸ್ಸು ಹೊರಡುವುದಿಲ್ಲ, ಆ ಬಸ್ಸು ಬಿಟ್ಟರೆ ನಮ್ಮ ಘಾಟಿ ಇಳಿಯುವ ಇನ್ನೊಂದು ಗಾಡಿ ಇಲ್ಲ. ಜೀಪು, ಕಾರು, ಬೈಕು ಎಲ್ಲವೂ ಮೊದಲ ತಿರುವಿನಲ್ಲೇ ಕೆಮ್ಮಿ ನಿಂತುಬಿಡುತ್ತವೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಮೊಬೈಲ್ ರಿಪೇರಿ ಮಾಡುವವಳು, ಗಾಡಿಯ ವಿಷಯ ನನಗೆ ಗೊತ್ತಿಲ್ಲ.

ಆಟ ಇರುವುದು ಕಂಡಕ್ಟರ್ ಇಂದಕ್ಕನ ಮೊಬೈಲಿನಲ್ಲಿ. ಬಸ್ಸು ಹೊರಡುವ ಹೊತ್ತಿಗೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಮಾಳಿಗೆಯಿಂದ ಬಗ್ಗಿ ನೋಡಿದರೆ ಹೇಗೋ ಹಾಗೆ ಬಸ್ಸಿನ ಚಿತ್ರ, ಅದರಲ್ಲಿ ಎರಡೆರಡರಂತೆ ಮೂರು ಸಾಲು ಸೀಟು. ಬಸ್ಸು ಅಂದೆನಲ್ಲ, ಅದು ಅಷ್ಟೇ ಪುಟ್ಟದು. ಚಿತ್ರದ ಕೆಳಗೆ ಬಣ್ಣಬಣ್ಣದ ಟೋಪಿ ಹಾಕಿಕೊಂಡ ಗೊಂಬೆಗಳು, ಹತ್ತಿದವರು ಎಷ್ಟು ಜನವೋ ಅಷ್ಟು. ಅವುಗಳ ಕೆಳಗೆ ಸುಳಿವು. ಹಲ್ಲುನೋವಿನವರು ಕಿಟಕಿಯ ಪಕ್ಕ, ನಿನ್ನೆ ಅತ್ತವರು ಹಲ್ಲುನೋವಿನವರ ಹಿಂದೆ, ಸುಳ್ಳು ಹೇಳಿ ಬಂದವರು ಕೊನೆಯ ಸಾಲಿನಲ್ಲಿ, ಹೀಗೆ. ಯಾವ ಗೊಂಬೆ ಯಾರೆಂದು ಪತ್ತೆ ಮಾಡಿ, ಬೆರಳಿನಿಂದ ಎಳೆದು ಸರಿಯಾದ ಸೀಟಿನಲ್ಲಿ ಕೂರಿಸಬೇಕು. ನಾವೂ ಹಾಗೆಯೇ ಕೂರಬೇಕು. ಸರಿಹೋದರೆ ಪರದೆ ಹಸಿರಾಗಿ ಇಂಜಿನ್ನು ಗುರ್ ಎನ್ನುತ್ತದೆ. ತಪ್ಪಿದರೆ ಮೇಲೆ ಮೂಲೆಯಲ್ಲಿರುವ ಮೂರು ಕೆಂಪು ಹೃದಯಗಳಲ್ಲಿ ಒಂದು ಒಡೆಯುತ್ತದೆ. ಮೂರೂ ಒಡೆದವೋ, ಅವು ಮತ್ತೆ ತುಂಬಿಕೊಳ್ಳುವಾಗ ಬಿಸಿಲು ಇಳಿದಿರುತ್ತದೆ. ಅಲ್ಲಿಯವರೆಗೆ ಬಸ್ಸು ಸ್ಟ್ಯಾಂಡಿನಲ್ಲೇ, ನಾವು ಮರದ ಕೆಳಗೆ.

ಊರು ಇದಕ್ಕೆ ಹೊಂದಿಕೊಂಡ ರೀತಿ ನೋಡಬೇಕು. ಪೇಟೆಗೆ ಹೋಗುವ ಹಿಂದಿನ ದಿನ ಗಂಡ ಹೆಂಡಿರು ಜಗಳವಾಡುವುದಿಲ್ಲ, ಆಡಿದರೂ ರಾಜಿಯಾಗಿ ಮಲಗುತ್ತಾರೆ. ಜಗಳವಾಡಿದವರನ್ನೇ ಆಟ ಪಕ್ಕಪಕ್ಕ ಹಾಕಿದರೆ, ಮುಂದಿನ ದಿನ ಒಂದೇ ಸಾಲಿನಲ್ಲಿ ಮೊಣಕೈ ತಾಗಿಸಿಕೊಂಡು ಕೂರುವ ಗತಿ ಯಾರಿಗೆ ಬೇಕು? ಒಮ್ಮೆ ಅಂಚೆಯವರ ಮಗಳು ಗುಟ್ಟಾಗಿ ಮದುವೆಯಾಗಿದ್ದನ್ನು ಹೇಳದೆ ಹತ್ತಿದ್ದಕ್ಕೆ ಇಡೀ ಬಸ್ಸು ಸಂಜೆವರೆಗೆ ನಿಂತಿತ್ತು. ಆಮೇಲೆ ಊರಿನವರೆಲ್ಲ ಸೇರಿ ಅವಳಿಗೆ ಸೀರೆ ಉಡಿಸಿ ಗಂಡನ ಮನೆಗೆ ಕಳಿಸಿಕೊಟ್ಟರು. ಮಕ್ಕಳು ಶಾಲೆಯಲ್ಲಿ ಇಂಥದೇ ಆಟಗಳನ್ನು ಆಡಿ ಅಭ್ಯಾಸ ಮಾಡುತ್ತಾರೆ. ನನ್ನ ಅಂಗಡಿಗೆ ಬರುವವರು ಗಾಜು ಒಡೆದ ಮೊಬೈಲು ಕೊಟ್ಟು, ಅದು ರಿಪೇರಿಯಾಗುವವರೆಗೆ ನನ್ನ ಜೊತೆ ಗೊಂಬೆ ಕೂರಿಸುವ ಪಂದ್ಯಕ್ಕೆ ಇಳಿಯುತ್ತಾರೆ. ಗೆದ್ದವರನ್ನು ನಾನು ಕಾಣೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು, ಈಗಲೂ ಇದೆ, ಬಚ್ಚಿಡುವುದೇನು.

ಇನ್ನು ಡ್ರೈವರಣ್ಣ. ಅವರು ಕೆಳಪೇಟೆಯವರು. ಮೇಲೆ ಬಂದರೂ ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ಅವರ ತಲೆಯ ಮೇಲೆ, ಗಾಜಿನ ಅಂಚಿನಲ್ಲಿ, 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡು. ಬೇರೆ ಊರುಗಳಲ್ಲೂ ಆ ಬೋರ್ಡು ಇರುತ್ತದೆ, ಜನ ಅದರ ಕೆಳಗೇ ನಿಂತು ಡ್ರೈವರನ ಹತ್ತಿರ ಮಾವಿನಕಾಯಿ ರೇಟು ಮಾತಾಡುತ್ತಾರೆ ಎಂದು ಕೇಳಿದ್ದೇನೆ. ನಮ್ಮೂರಿನವರು ಹಾಗಲ್ಲ. ಬಸ್ಸಿನ ವಿಷಯದಲ್ಲಿ ಒಂದು ನಿಯಮ ಮುರಿದರೂ ಏನಾಗುತ್ತದೋ ಎಂಬ ಅಂಜಿಕೆ. ಹೀಗಾಗಿ ಯಾರೂ ಅವರೊಡನೆ ಒಂದು ಮಾತಾಡಿದವರಲ್ಲ. ಇಂದಕ್ಕ ಕೂಡ ಚಹಾ ತಂದು ಗೇರಿನ ಪಕ್ಕ ಇಟ್ಟು, ಲೋಟಕ್ಕೆ ಉಗುರಿನಿಂದ ಎರಡು ಸಲ ತಟ್ಟಿ ಬರುತ್ತಿದ್ದಳು, ಅಷ್ಟೆ. ಅವರನ್ನು ನಾವು ಬೆನ್ನಿನಿಂದ ಬಲ್ಲೆವು. ನೆರೆತ ಕೂದಲು, ಕತ್ತಿಗೆ ಮಡಿಸಿ ಹಾಕಿದ ಕರ್ಚೀಫು, ಅಗಲವಾದ ಭುಜ. ಹೆಸರು ಗೊತ್ತಿರಲಿಲ್ಲ. ಅವರ ವರದಿಯನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಚಿತ್ರದಲ್ಲಿ ಸ್ಟಿಯರಿಂಗಿನ ಸೀಟು ಬೂದಿ ಬಣ್ಣದಲ್ಲಿ ಇರುತ್ತಿತ್ತು, ಅಲ್ಲಿ ಯಾರೂ ಗೊಂಬೆ ಇಟ್ಟದ್ದಿಲ್ಲ.

ನನಗೆ ದಿನ ತುಂಬಿತ್ತು. ಮಗು ತಿರುಗಿರಲಿಲ್ಲ, ಕಾಲು ಕೆಳಗೆ ಮಾಡಿಕೊಂಡು ಹೊಟ್ಟೆಯೊಳಗೆ ನೆಟ್ಟಗೆ ಕೂತಿತ್ತು. ನಮ್ಮೂರಿನ ನರ್ಸಮ್ಮ ನನ್ನ ಕೈ ಹಿಡಿದು ಹೇಳಿದ್ದರು: "ನೋಡು ಚಂಪಾ, ಇದು ನನ್ನ ಕೈಲಿ ಆಗೋದಲ್ಲ. ಮೊದಲ ನೋವು ಬಂತು ಅಂದ್ರೆ ಸೀದಾ ಬಸ್ಸು ಹತ್ತು. ಕೆಳಪೇಟೆ ಆಸ್ಪತ್ರೇಲೇ ಆಗ್ಬೇಕು, ಆಪರೇಷನ್ನೇ ಮಾಡ್ಬೇಕು. ತಡ ಮಾಡಿದ್ರೆ ಮಗೂಗೂ ಕಷ್ಟ, ನಿಂಗೂ ಕಷ್ಟ." ಗಂಡ ಶಶಿಧರ ಕೆಳಪೇಟೆಯ ಛಾಪಖಾನೆಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಮೇಲೆ ಬರುತ್ತಿದ್ದ. ಮನೆಯಲ್ಲಿ ನಾನು ಮತ್ತು ಅತ್ತೆ.

ಅತ್ತೆಯ ಹೆಸರು ಭಾಗೀರಥಿ. ಕೆಟ್ಟವರೇನಲ್ಲ, ಆದರೆ ಮಾತು ಬಹಳ ತುಟ್ಟಿ. ನಾನು ಹತ್ತು ಮಾತಾಡಿದರೆ ಅವರದು ಒಂದು "ಹೂಂ". ಬಸ್ಸಿನಲ್ಲಿ ಕೂಡ ಅವರ ವರದಿ ವರ್ಷಗಟ್ಟಲೆ ಒಂದೇ: "ಭಾಗೀರಥಿ. ತಿಂಡಿ ಆಗಿದೆ. ಜಗಳ ಇಲ್ಲ. ಮತ್ತೇನಿಲ್ಲ." ಅವರಿಗೆ ಒಂದೇ ಒಂದು ತೊಂದರೆ ಇತ್ತು. ಘಾಟಿಯ ತಿರುವು ಬಂದಾಗಲೆಲ್ಲ ಅವರ ಬಲಗಾಲು ತಾನಾಗಿ ಮುಂದೆ ಹೋಗಿ ಬಸ್ಸಿನ ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಜೊತೆಗೆ ಎಡಗಾಲೂ ಒಮ್ಮೊಮ್ಮೆ. ಪಾಪ, ವಾಯು ಇರಬೇಕು ಎಂದುಕೊಂಡು ನಾನು ಪೇಟೆಯಿಂದ ಬಂದ ರಾತ್ರಿ ಅವರ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಅವರು ಬೇಡ ಅನ್ನುತ್ತಿರಲಿಲ್ಲ. ಹೂಂ ಎಂದು ತಿಕ್ಕಿಸಿಕೊಳ್ಳುತ್ತಿದ್ದರು.

ನೋವು ಶುರುವಾದದ್ದು ಬೆಳಿಗ್ಗೆ, ದೋಸೆ ತಿರುವಿಹಾಕುವಾಗ. ನಾನು ಸೌಟನ್ನು ಕೈಬಿಟ್ಟು ಗೋಡೆ ಹಿಡಿದುಕೊಂಡೆ. ಅತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಒಲೆ ಆರಿಸಿದರು, ಮೊದಲೇ ಕಟ್ಟಿಟ್ಟಿದ್ದ ಚೀಲ ಹೆಗಲಿಗೆ ಹಾಕಿದರು, ಶಶಿಧರನಿಗೆ ಫೋನು ಹಚ್ಚಿ "ಆಸ್ಪತ್ರೆ ಬಾಗಿಲಲ್ಲಿ ನಿಂತಿರು" ಎಂದು ಹೇಳಿ ಇಟ್ಟರು, ನನ್ನ ರಟ್ಟೆ ಹಿಡಿದರು. ಸ್ಟ್ಯಾಂಡಿಗೆ ಬಂದಾಗ ಬಸ್ಸು ನಿಂತಿತ್ತು. ನಾನು ಮೆಟ್ಟಿಲ ಮೇಲೆ ನಿಂತು, "ಚಂಪಾ. ಅರ್ಧ ದೋಸೆ ಆಗಿದೆ. ಜಗಳ ಇಲ್ಲ. ನೋವು ಶುರುವಾಗಿದೆ ಇಂದಕ್ಕಾ, ಬೇಗ ಬಿಡಿಸೋಣ" ಅಂದೆ. ನನ್ನ ಹಿಂದೆಯೇ ಅತ್ತೆ ತಮ್ಮ ಎಂದಿನ ವರದಿ ಒಪ್ಪಿಸಿದರು.

ಆ ದಿನ ನಮ್ಮಿಬ್ಬರನ್ನು ಬಿಟ್ಟರೆ ಹತ್ತಿದವರು ಇಬ್ಬರೇ. ಒಬ್ಬರು ಛತ್ರಿ ರಿಪೇರಿಯ ಗನಿ ಸಾಬರು. "ಗನಿ. ಏನೂ ತಿಂದಿಲ್ಲ, ರಕ್ತ ಪರೀಕ್ಷೆ ಇದೆ, ಖಾಲಿ ಹೊಟ್ಟೇಲಿ ಬಾ ಅಂದವ್ರೆ. ಜಗಳ ಇಲ್ಲ. ಹಸಿವು ಮಾತ್ರ ಜೋರು" ಎಂದು ಒಪ್ಪಿಸಿದರು. ಇನ್ನೊಬ್ಬರು ಮಕ್ಕಳಿಗೆ ಹಾಡು ಹೇಳಿಕೊಡುವ ಪಂಕಜಾಕ್ಷಿ ಟೀಚರು. "ಪಂಕಜಾಕ್ಷಿ. ಉಪ್ಪಿಟ್ಟು ಆಗಿದೆ. ಅಮ್ಮ ಹೇಳಿಕೊಟ್ಟ ಒಂದು ಹಾಡಿನ ಎರಡನೇ ಚರಣ ಮರೆತುಹೋಗಿದೆ, ನಿನ್ನೆಯಿಂದ ಅದೇ ತಲೆಯಲ್ಲಿ ಕೊರೀತಾ ಇದೆ" ಅಂದರು. ಇಂದಕ್ಕ ತನ್ನದನ್ನೂ ಹೇಳಿಕೊಂಡಳು. ನಮ್ಮ ಬಸ್ಸಿನಲ್ಲಿ ಕಂಡಕ್ಟರೂ ಒಂದು ಗೊಂಬೆಯೇ. ಒಟ್ಟು ಐದು ಜನ. ಇಂದಕ್ಕ ಮೊಬೈಲು ತೆರೆದಳು. ಪರದೆಯ ಮೇಲೆ ಆರು ಗೊಂಬೆಗಳಿದ್ದವು.

ಹೀಗೆ ಎಂದೂ ಆಗಿರಲಿಲ್ಲ. ಇಂದಕ್ಕ ಮತ್ತೆ ಎಣಿಸಿದಳು, ನನಗೆ ತೋರಿಸಿದಳು. ನಾನು ಸುಳಿವುಗಳನ್ನು ಗಟ್ಟಿಯಾಗಿ ಓದಿದೆ. ಇಬ್ಬರಾಗಿರುವವರು ನಡುವಿನ ಸಾಲಿನ ಕಿಟಕಿಯ ಪಕ್ಕ. ಹಸಿದವರು ಕೊನೆಯ ಸಾಲಿನಲ್ಲಿ. ಮರೆತದ್ದನ್ನು ಹುಡುಕುತ್ತಿರುವವರು ಹಸಿದವರ ಪಕ್ಕ. ಬಾಗಿಲು ಕಾಯುವವರು ಮೊದಲ ಸಾಲಿನಲ್ಲಿ. ಎಲ್ಲರಿಗಿಂತ ಹೆಚ್ಚು ಹೆದರಿದವರು ಇಬ್ಬರಾಗಿರುವವರ ಪಕ್ಕ. ಗುಟ್ಟು ಇಟ್ಟುಕೊಂಡವರ ಮುಂದೆ ಯಾರೂ ಕೂರುವುದಿಲ್ಲ.

ಮೊದಲ ನಾಲ್ಕು ನೀರು ಕುಡಿದಷ್ಟು ಸಲೀಸು. ನಾನು ನಡುವಿನ ಸಾಲಿನ ಕಿಟಕಿಗೆ ಒರಗಿಕೊಂಡೆ. ಗನಿ ಸಾಬರು, ಟೀಚರು ಹಿಂದೆ ಹೋದರು. ಇಂದಕ್ಕ ಬಾಗಿಲ ಪಕ್ಕದ ಮೊದಲ ಸೀಟು ಹಿಡಿದಳು. ಉಳಿದದ್ದು ಎರಡು ಗೊಂಬೆ: ಹೆದರಿದವರು ಮತ್ತು ಗುಟ್ಟಿನವರು. ಉಳಿದ ಮನುಷ್ಯರು ಅತ್ತೆ ಒಬ್ಬರೇ.

"ಇನ್ನೊಂದು ಗೊಂಬೆ ಮಗೂದು ಕಣ್ರೇ!" ಎಂದು ಟೀಚರು ಚಪ್ಪಾಳೆ ತಟ್ಟಿದರು. ಎಲ್ಲರ ಮುಖವೂ ಅರಳಿತು. ಹೌದಲ್ಲ, ಮಗುವೂ ಹತ್ತಿದೆಯಲ್ಲ! ಅದರ ಹತ್ತಿರ ಗುಟ್ಟೂ ಇದೆ, ಗಂಡೋ ಹೆಣ್ಣೋ ಎಂದು ಯಾರಿಗೂ ಹೇಳದೆ ಕೂತಿದೆ. ಹಾಗಾದರೆ ಹೆದರಿದವರು ಅತ್ತೆ. ಅತ್ತೆ ನನ್ನ ಪಕ್ಕ ಕೂತರು. ಮೊದಲ ಸಾಲಿನಲ್ಲಿ, ಇಂದಕ್ಕನ ಪಕ್ಕದ ಸೀಟಿನ ಮೇಲೆ, ಮಗುವಿಗೆಂದು ತಂದಿದ್ದ ಹಳೆಯ ಮೆತ್ತನೆಯ ಸೀರೆಯ ತುಂಡನ್ನು ಮಡಿಸಿ ಇಟ್ಟೆವು. ಗನಿ ಸಾಬರು ಹಿಂದಿನ ಸಾಲಿನಿಂದಲೇ, "ಬೀಳದ ಹಾಗೆ ಇಡಿ" ಎಂದು ಕೂಗಿದರು. ಇಂದಕ್ಕ ಗೊಂಬೆಗಳನ್ನು ಎಳೆದು ಕೂರಿಸಿದಳು. ಹಾರ್ನು ಪೇಂ ಎಂದಿತು. ಒಂದು ಹೃದಯ ಒಡೆಯಿತು.

ನಾನು ಬುದ್ಧಿವಂತೆಯಲ್ಲವೇ, ತಕ್ಷಣ ಅದಲು ಬದಲು ಮಾಡಿಸಿದೆ. ಮಗು ತಿರುಗದೆ ಕೂತಿರುವುದೇ ಹೆದರಿಕೆಯಿಂದ, ಆದ್ದರಿಂದ ಹೆದರಿದವರು ಅದೇ. ಅತ್ತೆ ಮೊದಲ ಸಾಲಿಗೆ ಹೋಗಿ ಡ್ರೈವರಣ್ಣನ ಹಿಂದೆ ಕೂತರು, ಬಟ್ಟೆಯ ಮಡಿಕೆ ನನ್ನ ಪಕ್ಕಕ್ಕೆ ಬಂತು. "ಅತ್ತೆ, ಏನಾದ್ರೂ ಗುಟ್ಟು ಇದೆಯಾ?" ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, "ಮತ್ತೇನಿಲ್ಲ" ಅಂದರು. ಹಾರ್ನು ಮತ್ತೆ ಪೇಂ ಎಂದಿತು. ಈಗ ಉಳಿದದ್ದು ಒಂದೇ ಹೃದಯ.

ನೋವು ಬಂದು ಬಂದು ಹೋಗುತ್ತಿದ್ದದ್ದು ಈಗ ಹೋಗುವುದನ್ನೇ ಮರೆಯತೊಡಗಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚಿದೆ. ಗನಿ ಸಾಬರು ಗೊಣಗುಟ್ಟುತ್ತ ಪ್ರಾರ್ಥನೆಗೆ ಶುರುವಿಟ್ಟರು. ಇಂದಕ್ಕನ ಬೆರಳು ಪರದೆಯ ಮೇಲೆ ಹೋಗಿ ಹಿಂದೆ ಬರುತ್ತಿತ್ತು. "ಇನ್ನೊಂದು ಸಲ ತಪ್ಪಿದ್ರೆ ಸಾಯಂಕಾಲ ಆಗುತ್ತೆ ಚಂಪಾ. ನಾನು ಮುಟ್ಟಲ್ಲ. ನನ್ನ ಕೈಲಿ ಆಗಲ್ಲ" ಎಂದು ಅಳತೊಡಗಿದಳು. ಸಂಜೆಯವರೆಗೆ ನಾನೂ ಮಗುವೂ ಇರುತ್ತೇವೆಯೇ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನನಗೆ ಅಂಗಡಿಯಲ್ಲಿ ಗೆದ್ದ ಪಂದ್ಯಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಬೇಕಾದಾಗ ಒದಗದ ಜಾಣತನ ಯಾತಕ್ಕೆ?

ಹೊಟ್ಟೆಯ ಮೇಲೆ ಕೈಯಿಟ್ಟು ಮತ್ತೆ ಮೊದಲಿನಿಂದ ಓದಿದೆ. ಇಬ್ಬರಾಗಿರುವವರು. ಅಲ್ಲೇ ನಿಂತೆ. ಆಟ ನಮ್ಮಿಬ್ಬರನ್ನು ಸೇರಿಸಿ ಒಂದೇ ಗೊಂಬೆ ಕೊಟ್ಟಿದೆ. ಮಗುವಿನ ಲೆಕ್ಕ ಮೊದಲ ಸುಳಿವಿನಲ್ಲೇ ಮುಗಿದಿದೆ. ಅದಕ್ಕೆ ಇನ್ನೊಂದು ಗೊಂಬೆ ಯಾಕೆ ಕೊಡುತ್ತದೆ? ಹಾಗಾದರೆ ಈ ಬಸ್ಸಿನಲ್ಲಿ ನಾವು ಎಣಿಸದೆ ಇರುವವರು ಇನ್ನೊಬ್ಬರಿದ್ದಾರೆ.

ತಲೆ ಎತ್ತಿದೆ. ಮೇಲಿನ ಕನ್ನಡಿಯಲ್ಲಿ ಒಂದು ಜೊತೆ ಕಣ್ಣು ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಬೆನ್ನು ನೋಡಿದ್ದೆನಲ್ಲ, ಆ ಕಣ್ಣು ಅವರದೇ ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು. ಕತ್ತಿನ ಕರ್ಚೀಫು ಬೆವರಿನಲ್ಲಿ ತೊಯ್ದು ಅಂಟಿಕೊಂಡಿತ್ತು. ಸ್ಟಿಯರಿಂಗಿನ ಮೇಲಿದ್ದ ಎರಡು ಕೈಗಳೂ ನಡುಗುತ್ತಿದ್ದವು. ಬಸ್ಸು ಆಫ್ ಆಗಿತ್ತು, ಕೈ ನಡುಗಲು ಇಂಜಿನ್ನು ಕಾರಣವಲ್ಲ.

"ಡ್ರೈವರಣ್ಣಾ," ಅಂದೆ. ಹಿಂದೆ ಟೀಚರು "ಅಯ್ಯೋ!" ಎಂದರು. ಇಂದಕ್ಕ ಬೋರ್ಡಿನ ಕಡೆ ಬೆರಳು ತೋರಿಸಿ ಬೇಡ ಬೇಡ ಎಂದು ತಲೆಯಾಡಿಸಿದಳು. "ಡ್ರೈವರಣ್ಣಾ, ನಿಮ್ಮ ವರದಿ ಹೇಳಿ. ಇಷ್ಟು ದಿನ ನಾವು ಕೇಳಲಿಲ್ಲ. ಈಗ ಕೇಳ್ತಾ ಇದ್ದೀನಿ."

ಬಸ್ಸಿಗೆ ಏನೂ ಆಗಲಿಲ್ಲ. ಹಾರ್ನು ಕೂಡ ಸುಮ್ಮನಿತ್ತು. ಅವರು ಗಂಟಲು ಸರಿಮಾಡಿಕೊಂಡರು. ದೊಡ್ಡ ಮೈಯೊಳಗಿಂದ ತೀರ ಸಣ್ಣ ದನಿ ಬಂತು.

"ದೇವೇಂದ್ರಪ್ಪ," ಅಂದರು. "ತಿಂಡಿ... ತಿಂದಿಲ್ಲಮ್ಮ, ಆದ್ರೆ ಹಸಿವಿಲ್ಲ. ಜಗಳ ಇಲ್ಲ. ಹೆದರಿಕೆ ಆಗ್ತಿದೆ. ಮೊದಲು ಬೇರೆ ಘಾಟೀಲಿ ಓಡಿಸ್ತಿದ್ದೆ. ಅಲ್ಲೂ ಇದೇ ಆಟ, ಇದೇ ಬೋರ್ಡು. ನನ್ನ ಹೆಂಡ್ತೀನೂ ಹಿಂಗೇ ನೋವು ತಿಂತಾ ನಡುವಿನ ಸೀಟಲ್ಲಿ ಕೂತಿದ್ಲು. ಜನ ಗೊಂಬೆ ಕೂರಿಸ್ತಾನೇ ಇದ್ರು, ಹೊತ್ತು ಹೋಗ್ತಾನೇ ಇತ್ತು. ನಾನು ಇದನ್ನ ಹಿಡ್ಕೊಂಡು ಮುಂದೆ ನೋಡ್ತಾ ಕೂತಿದ್ದೆ. ಮಾತಾಡ್ಬಾರ್ದಲ್ಲ. ಅವಳು ಉಳಿದ್ಲು. ಮಗು ಉಳೀಲಿಲ್ಲ. ಅವಳ ಪಕ್ಕದ ಸೀಟು ಖಾಲಿ ಇತ್ತಮ್ಮ, ಕೊನೇವರೆಗೂ ಖಾಲೀನೇ ಇತ್ತು." ಎರಡು ಕೈಗಳನ್ನೂ ಎತ್ತಿ ನಮಗೆ ತೋರಿಸಿದರು. "ನೋಡಿ. ಆಟ ಬಿಡಿಸಿದ್ರೂ ಈ ಕೈಲಿ ನಾನು ಘಾಟಿ ಇಳಿಸಲಾರೆ."

ದಿನಾ ಮೆಟ್ಟಿಲ ಮೇಲೆ ನಿಂತು ಹಲ್ಲುನೋವು, ಮೊಣಕಾಲು ನೋವು ಎಂದು ಹಾಡಿದವರು ನಾವು. ಅದನ್ನೆಲ್ಲ ಕೇಳುತ್ತ ಮುಂದೆ ಕೂತವರ ನೋವು ಏನೆಂದು ನಮಗೆ ಹೊಳೆದೇ ಇರಲಿಲ್ಲ. ಗನಿ ಸಾಬರು ಎದ್ದು ಬಂದು, ಅವರ ಹೆಗಲ ಮೇಲೆ ಕೈಯಿಟ್ಟು, "ಎದ್ದೇಳಿ ದೇವೇಂದ್ರಪ್ಪನವ್ರೇ. ನಿಮ್ಮ ಸೀಟು ಅಲ್ಲಿದೆ" ಎಂದರು. ಅವರು ಎದ್ದರು. ಬಂದು ನನ್ನ ಪಕ್ಕದಲ್ಲಿದ್ದ ಬಟ್ಟೆಯ ಮಡಿಕೆಯನ್ನು ಮೆಲ್ಲನೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ಸೀಟು ಅವರಿಗೆ ಸಾಲಲಿಲ್ಲ.

"ಇದೆಲ್ಲ ಸರಿ," ಎಂದು ಇಂದಕ್ಕ ಕಣ್ಣೊರೆಸಿಕೊಂಡಳು. "ಈಗ ಬಸ್ಸು ಬಿಡೋರು ಯಾರು?"

ಎಲ್ಲರೂ ಖಾಲಿ ಸ್ಟಿಯರಿಂಗಿನ ಕಡೆ ನೋಡಿದರು. ನಾನು ಕೊನೆಯ ಸುಳಿವನ್ನು ನೋಡಿದೆ. ಗುಟ್ಟು ಇಟ್ಟುಕೊಂಡವರ ಮುಂದೆ ಯಾರೂ ಕೂರುವುದಿಲ್ಲ. ಎರಡನೇ ಸಲ ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದಾಗ ಅವರ ಮುಂದೆ ಡ್ರೈವರಣ್ಣ ಇದ್ದರು. ನಾವು ಅವರನ್ನು ಲೆಕ್ಕಕ್ಕೇ ಹಿಡಿಯದೆ ತಪ್ಪಿದ್ದೆವು. ಈ ಬಸ್ಸಿನಲ್ಲಿ ತನ್ನ ಮುಂದೆ ಗಾಜು ಬಿಟ್ಟರೆ ಬೇರೆ ಯಾರೂ ಇಲ್ಲದ ಸೀಟು, ಬಾಗಿಲ ಪಕ್ಕದ ಇಂದಕ್ಕನದನ್ನು ಬಿಟ್ಟರೆ, ಅದೊಂದೇ. ಉಳಿದ ಗೊಂಬೆಯೂ ಒಂದೇ, ಉಳಿದ ಮನುಷ್ಯರೂ ಒಬ್ಬರೇ.

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯಾಗಿಸಿದ್ದರು. ನನ್ನ ಕಣ್ಣು ಅವರ ಪಾದದ ಮೇಲೆ ಹೋಯಿತು. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

"ಅತ್ತೆ," ಅಂದೆ. ನೋವಿನ ನಡುವೆಯೂ ನನಗೆ ನಗು ಬರುವಂತಾಯಿತು. "ನಿಮ್ಮ ಕಾಲಿಗೆ ವಾಯು ಅಲ್ಲ ಅಲ್ವಾ?"

ಅವರು ತಿರುಗಿದರು. ಆಮೇಲೆ ಎದ್ದು, ಬಸ್ಸು ಹತ್ತುವವರ ಹಾಗೆ ಮೆಟ್ಟಿಲವರೆಗೆ ಹೋಗಿ, ಅಲ್ಲಿ ನಿಂತು ವರದಿ ಕೊಟ್ಟರು.

"ಭಾಗೀರಥಿ. ತಿಂಡಿ ಆಗಿಲ್ಲ, ಇವಳ ದೋಸೆ ಹೆಂಚಲ್ಲೇ ಉಳೀತು. ಜಗಳ ಇಲ್ಲ. ನಮ್ಮಪ್ಪಂಗೆ ಸುಣ್ಣದ ಲಾರಿ ಇತ್ತು. ಗಂಡು ಮಕ್ಕಳಿರಲಿಲ್ಲ, ನಂಗೇ ಕಲಿಸಿದ್ರು. ಮೀಸೆ ಇಲ್ಲದ ಡ್ರೈವರು ಅಂತ ಸುಣ್ಣದ ಭಟ್ಟಿಯವರೆಲ್ಲ ಕರೀತಿದ್ರು. ಮದುವೆ ಗೊತ್ತಾದ ದಿನ ಅಪ್ಪನೇ ನನ್ನ ಲೈಸೆನ್ಸು ಒಲೆಗೆ ಹಾಕಿದ್ರು. ಲಾರಿ ಓಡಿಸೋಳು ಅಂತ ಗೊತ್ತಾದ್ರೆ ಗಂಡಿನ ಕಡೆಯವರು ಬಿಟ್ಟು ಹೋಗ್ತಾರೆ, ಸಾಯೋವರೆಗೂ ಬಾಯಿ ಬಿಡಬೇಡ ಅಂದ್ರು. ಬಿಡಲಿಲ್ಲ. ನಮ್ಮನೆಯವರಿಗೂ ಹೇಳಲಿಲ್ಲ. ಅವರು ಹೋಗೇಬಿಟ್ರು." ಒಂದು ಸಲ ಉಸಿರೆಳೆದುಕೊಂಡರು. "ನಿದ್ದೇಲಿ ಈಗ್ಲೂ ಗೇರು ಹಾಕ್ತೀನಿ. ಮತ್ತೇನಿಲ್ಲ."

ನಾನು ಮದುವೆಯಾಗಿ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ಸೀಟಿಗೆ ಏರಿದರು. ಕನ್ನಡಿಯನ್ನು ತಮ್ಮ ಎತ್ತರಕ್ಕೆ ತಿರುಗಿಸಿಕೊಂಡರು. ಇಂದಕ್ಕ ಉಳಿದ ಎರಡು ಗೊಂಬೆಗಳಲ್ಲಿ ಒಂದನ್ನು ನನ್ನ ಪಕ್ಕಕ್ಕೆ ಎಳೆದಳು. ಇನ್ನೊಂದನ್ನು, ಕಣ್ಣು ಮುಚ್ಚಿಕೊಂಡು, ಯಾರೂ ಎಂದೂ ಇಡದ ಬೂದಿ ಬಣ್ಣದ ಸೀಟಿಗೆ ಒಯ್ದು ಬಿಟ್ಟಳು.

ಇಂಜಿನ್ನು ಗುರ್ ಎಂದಿತು. ಆ ಸದ್ದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಅದಕ್ಕೆ ಕೈಮುಗಿಯಬೇಕು ಎನಿಸಿದ್ದು ಅಂದೇ.

ಘಾಟಿಯುದ್ದಕ್ಕೂ ಏನೇನಾಯಿತೋ ನನಗೆ ಪೂರ್ತಿ ನೆನಪಿಲ್ಲ. ನನ್ನ ಕೈ ದೇವೇಂದ್ರಪ್ಪನವರ ಕೈಯಲ್ಲಿತ್ತು. ಮೊದಮೊದಲು ಅವರ ಕೈಯೇ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ನಾನು ಹಿಸುಕಿದಂತೆಲ್ಲ ನಡುಕ ಕಡಿಮೆಯಾಯಿತು. "ಹಿಸುಕಮ್ಮ, ಇನ್ನೂ ಜೋರಾಗಿ ಹಿಸುಕು, ನಂಗೇನೂ ಆಗಲ್ಲ" ಎನ್ನುತ್ತಿದ್ದರು. ನಡುವೆ ಅಭ್ಯಾಸ ಬಿಡದೆ, "ಅಮ್ಮಾ, ಎರಡನೇ ಗೇರು ಸ್ವಲ್ಪ ಬಿಗಿ, ಕ್ಲಚ್ಚು ಪೂರ್ತಿ ಒತ್ತಿ" ಎಂದು ಮುಂದಕ್ಕೆ ಕೂಗಿದರು. ಅತ್ತೆ ಕನ್ನಡಿಯಲ್ಲಿ ನೋಡಿ, "ಗೊತ್ತಿದೆ. ಹತ್ತಿದಾಗಲೆಲ್ಲ ನೋಡ್ತಾನೇ ಇದ್ದೀನಿ. ಮೂರನೇ ತಿರುವಲ್ಲಿ ನೀವು ಗೇರು ತಡವಾಗಿ ಇಳಿಸ್ತೀರಿ" ಅಂದರು. ದೇವೇಂದ್ರಪ್ಪನವರು ನನ್ನ ಕಡೆ ತಿರುಗಿ, "ನಿಜಾನೇ" ಎಂದು ಒಪ್ಪಿಕೊಂಡರು. ಟೀಚರಿಗೆ ಯಾವ ತಿರುವಿನಲ್ಲೋ ಮರೆತ ಚರಣ ಸಿಕ್ಕಿಬಿಟ್ಟಿತು. ಅದು ತೊಟ್ಟಿಲ ಹಾಡು. ಅವರು ಹಿಂದಿನ ಸೀಟಿನಲ್ಲಿ ಅದನ್ನು ಮತ್ತೆ ಮರೆಯಬಾರದೆಂದು ಹಾಡುತ್ತಲೇ ಇದ್ದರು, ಗನಿ ಸಾಬರು ಖಾಲಿ ಹೊಟ್ಟೆಯಲ್ಲೇ ತಾಳ ಹಾಕಿದರು. ಅಷ್ಟು ನೋವಿನಲ್ಲೂ ನನಗೆ ಒಂಟಿ ಅನ್ನಿಸಲಿಲ್ಲ.

ಬಸ್ಸು ಸ್ಟ್ಯಾಂಡಿಗೆ ಹೋಗದೆ ನೇರ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು. ಬಾಗಿಲಲ್ಲಿ ನಿಂತಿದ್ದ ಶಶಿಧರ ನನ್ನನ್ನು ನೋಡುವ ಮೊದಲು ಸ್ಟಿಯರಿಂಗಿನಲ್ಲಿ ಕೂತ ಅಮ್ಮನನ್ನು ನೋಡಿ ಅಲ್ಲೇ ಕಲ್ಲಾದ. "ಆಮೇಲೆ ಬಾಯಿ ತೆರಿ, ಈಗ ಅವಳನ್ನ ಹಿಡ್ಕೋ" ಎಂದು ಅತ್ತೆ ಗದರಿದರು. ಆಪರೇಷನ್ ಆಯಿತು. ಹೆಣ್ಣು ಮಗು. ನನಗೆ ಎಚ್ಚರವಾದ ಮೇಲೆ ಡಾಕ್ಟರಮ್ಮ ಕೆನ್ನೆ ತಟ್ಟಿ, "ಸರಿಯಾದ ಹೊತ್ತಿಗೆ ಬಂದ್ರಿ" ಅಂದರು. ಅತ್ತೆ ಎಲ್ಲಿ ಎಂದು ಕೇಳಿದೆ. ಮಗು ಅತ್ತ ಸುದ್ದಿ ಕೇಳಿದ ಮೇಲೂ ಅವರು ಬಸ್ಸಿನಿಂದ ಇಳಿದಿರಲಿಲ್ಲವಂತೆ. ಸ್ಟಿಯರಿಂಗಿಗೆ ಹಣೆ ಹಚ್ಚಿ ಅಳುತ್ತ ಕೂತಿದ್ದರಂತೆ. ಕೊನೆಗೆ ದೇವೇಂದ್ರಪ್ಪನವರು ಹೋಗಿ, ಗೇರಿನ ಪಕ್ಕ ಒಂದು ಚಹಾ ಇಟ್ಟು, ಲೋಟಕ್ಕೆ ಉ‌ಗುರಿನಿಂದ ಎರಡು ಸಲ ತಟ್ಟಿದರಂತೆ.

ಹೊಲಿಗೆ ಬಿಚ್ಚಿದ ಮೇಲೆ ಮಗುವನ್ನು ಊರಿಗೆ ಕರೆದೊಯ್ಯುವ ದಿನ ಬಂತು. ಮೇಲೆ ಹೋಗುವಾಗಲೂ ಆಟ ಇದ್ದದ್ದೇ. ಅಂದು ಕೂಡ ಅದೇ ಜನ. ಗನಿ ಸಾಬರು, ಟೀಚರು ಬೇಕೆಂದೇ ಆ ಬಸ್ಸಿಗೆ ಕಾದು ಬಂದಿದ್ದರು. ಅವರು ಮೆಟ್ಟಿಲ ಮೇಲೆ ನಿಂತು ಒಪ್ಪಿಸಿದರು, ಗನಿ ಸಾಬರು ಈ ಸಲ ಎರಡು ಪ್ಲೇಟು ಇಡ್ಲಿ ಎಂದು ಹೆಮ್ಮೆಯಿಂದ ಹೇಳಿದರು. ಅತ್ತೆಯ ವರದಿಗೆ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದೆವು. "ಭಾಗೀರಥಿ. ತಿಂಡಿ ಆಗಿದೆ. ಜಗಳ ಇಲ್ಲ. ಲಾರಿ ಓಡಿಸ್ತೀನಿ" ಎಂದು ಒಳಗೆ ಬಂದರು. ನಾನು ಮಗುವನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಹೇಳಬೇಕಾದ್ದು ಬಹಳ ಇತ್ತು. "ಚಂಪಾ. ಹೊಟ್ಟೆ ತುಂಬಿದೆ," ಅಂದೆ. "ಈ ಬಸ್ಸಿನಲ್ಲಿರೋ ಎಲ್ಲರ ಋಣ ನನ್ನ ಮೇಲಿದೆ. ತೀರಿಸೋದು ಹೇಗೆ ಅಂತ ಗೊತ್ತಿಲ್ಲ. ಅದೇ ಕೊರೀತಾ ಇದೆ." ಟೀಚರು, "ಒಳಗೆ ಬಾರಮ್ಮ, ಮಗೂಗೆ ಗಾಳಿ ಆಗುತ್ತೆ" ಎಂದು ಬೈದರು.

ಉಳಿದದ್ದು ಒಂದೇ ವರದಿ. ಬೋರ್ಡು ಇನ್ನೂ ಅಲ್ಲೇ ಇತ್ತು. ಇಂದಕ್ಕ ಅದನ್ನೊಮ್ಮೆ ನೋಡಿದಳು, ಆ ಕಡೆ ಬೆನ್ನು ಮಾಡಿ ನಿಂತಳು. "ದೇವೇಂದ್ರಪ್ಪಣ್ಣಾ, ನಿಮ್ದು?"

ಅವರು ಸೀಟಿನಲ್ಲೇ ಪೂರ್ತಿ ಹಿಂದೆ ತಿರುಗಿದರು. ಕೆನ್ನೆಯಲ್ಲಿ ಗುಳಿ ಬೀಳುವ ಮುಖ ಎಂದು ನನಗೆ ಗೊತ್ತಾದದ್ದು ಆಗ. "ದೇವೇಂದ್ರಪ್ಪ. ರೊಟ್ಟಿ ತಿಂದಿದ್ದೀನಿ. ಜಗಳ ಇಲ್ಲ. ಕೈ ನೆಟ್ಟಗಿದೆ. ನಮ್ಮನೆಯವಳಿಗೆ ಎಲ್ಲಾ ಹೇಳ್ದೆ. ಇಷ್ಟು ವರ್ಷ ನಾವಿಬ್ಬರೂ ಆ ದಿನದ ಮಾತು ಎತ್ತಿರಲಿಲ್ಲ. ಮೊನ್ನೆ ಕೂತು ಇಬ್ರೂ ಅತ್ತು ಬಿಟ್ವಿ. ಆಮೇಲೆ ಅವಳು ಉಲ್ಲನ್ ತಂದು ಇದನ್ನ ಹೆಣೆದಳು." ಅಂಗಿಯ ಜೇಬಿನಿಂದ ಹಳದಿ ಬಣ್ಣದ ಒಂದು ಪುಟ್ಟ ಟೋಪಿ ತೆಗೆದರು. ನನ್ನ ಅಂಗೈಯಷ್ಟೂ ಇರಲಿಲ್ಲ. ಇಂದಕ್ಕನ ಮೂಲಕ ಅದು ನನ್ನ ಕೈಗೆ ಬಂತು, ನಾನು ಮಗುವಿನ ತಲೆಗೆ ಹಾಕಿದೆ. ಅಳತೆ ಸರಿಯಾಗಿತ್ತು.

ಇಂದಕ್ಕ ಮೊಬೈಲು ತೆರೆದು "ಅಯ್ಯಪ್ಪಾ" ಅಂದಳು. ಗೊಂಬೆಗಳ ಸಾಲಿನ ತುದಿಯಲ್ಲಿ ಹಳದಿ ಟೋಪಿಯ ಒಂದು ಪುಟಾಣಿ ಗೊಂಬೆ ಇತ್ತು. ನಾವೆಲ್ಲ ನಮ್ಮ ನಮ್ಮ ಸೀಟು ಹಿಡಿದೆವು. ಅದಕ್ಕೆ ಮಾತ್ರ ಸುಳಿವೇ ಇರಲಿಲ್ಲ. "ಇದನ್ನ ಎಲ್ಲಿ ಕೂರಿಸಲಿ?" ಎಂದು ಇಂದಕ್ಕ ನನ್ನನ್ನು ಕೇಳಿದಳು. ಊರಿನಲ್ಲೆಲ್ಲ ಆಟ ಬಿಡಿಸುವುದರಲ್ಲಿ ಚುರುಕಾದ ನನಗೆ ಯೋಚನೆಯೇ ಬೇಕಾಗಲಿಲ್ಲ. ನಡೆದು ಹೋಗಿ ಮಗುವನ್ನು ದೇವೇಂದ್ರಪ್ಪನವರ ತೋಳಿನಲ್ಲಿ ಇಟ್ಟೆ. ಅವರು ಹಾಲು ತುಂಬಿದ ಪಾತ್ರೆ ಹಿಡಿದವರಂತೆ ಅಲುಗಾಡದೆ ಹಿಡಿದುಕೊಂಡರು. ಇಂದಕ್ಕ ಆ ಪುಟಾಣಿ ಗೊಂಬೆಯ ಮೇಲೆ ಬೆರಳಿಡುವ ಮೊದಲೇ ಪರದೆ ಹಸಿರಾಗಿ ಇಂಜಿನ್ನು ಶುರುವಾಯಿತು.

ಅವರು ಮಗುವನ್ನು ತಕ್ಷಣ ಕೊಡಲಿಲ್ಲ. ನಾವು ಯಾರೂ ಕೇಳಲಿಲ್ಲ. ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿತ್ತು, ಯಾರಿಗೂ ಅವಸರವಿರಲಿಲ್ಲ. ಕೊನೆಗೆ ಅವರು ಹಳದಿ ಟೋಪಿಯ ಮೇಲೆ ಮೂಗು ತಾಗಿಸಿ, ಮಗುವನ್ನು ನನಗೆ ಒಪ್ಪಿಸಿ, ಮುಂದೆ ತಿರುಗಿದರು. ಘಾಟಿ ಏರಿದೆವು. ಆ ಮೂರನೇ ತಿರುವು ಬಂದಾಗ ನಾನು ಅತ್ತೆಯ ಪಾದವನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. "ಈಗ ಗೇರು ಸರಿಯಾಗಿ ಹಾಕಿದ್ರು," ಎಂದು ಅತ್ತೆ ಗಟ್ಟಿಯಾಗಿ ಹೇಳಿದರು. ಮುಂದಿನಿಂದ ದೇವೇಂದ್ರಪ್ಪನವರು, "ಹೂಂ ಅಮ್ಮಾ" ಅಂದರು.